ಫೋಟೋಗೆ ಗಮ್ ಹಚ್ಬೇಡಿ, ಹಳೇ ಕವರ್ ಮೂಲೆ ಸಾಕು

ಮನೆ ಫೋಟೋಗಳನ್ನ ಸ್ಕ್ರ್ಯಾಪ್‌ಬುಕ್ ಮಾಡೋಕೆ ಶುರು ಮಾಡೋರು ಫೋಟೋ ಕಾರ್ನರ್ (ಫೋಟೋ ಮೂಲೆ ಹಿಡ್ಕೊಳ್ಳೋ ಪುಟ್ಟ ಜೇಬು) ಅಂತ ದುಡ್ಡು ಕೊಟ್ಟು ತರ್ಬೇಡಿ, ಮನೇಲಿ ಬಿದ್ದಿರೋ ಮದುವೆ ಪತ್ರಿಕೆ ಕವರ್‌ಗಳ ಕೆಳಗಿನ ಎರಡೂ ಮೂಲೇನ ಮುಕ್ಕಾಲು ಇಂಚು ಓರೆಯಾಗಿ ಕತ್ತರಿಸಿ, ಪುಟ್ಟ ತ್ರಿಕೋನದ ಜೇಬು ರೆಡಿ. ಒಂದು ಫೋಟೋಗೆ ಎರಡು ಕವರ್ ಬೇಕು. ನಾಲ್ಕು ಮೂಲೆಗೂ ಇದನ್ನ ಟೋಪಿ ಥರ ಹಾಕಿ, ಜೇಬಿನ ಹಿಂಭಾಗಕ್ಕೆ ಮಾತ್ರ ಗ್ಲೂ ಸ್ಟಿಕ್ ಹಚ್ಚಿ ದಪ್ಪ ಹಾಳೆಯ ಡ್ರಾಯಿಂಗ್ ಬುಕ್ಕಿಗೆ ಅಂಟಿಸಿ. ನೀರಾಗಿರೋ ಗಮ್ ಬೇಡ, ಹಾಳೆ ಸುಕ್ಕಾಗತ್ತೆ. ಫೋಟೋಗೆ ಅಂಟು ತಾಗೋದೇ ಇಲ್ಲ, ಅದಕ್ಕೇ ಕಲೆ ಆಗಲ್ಲ, ಯಾವಾಗ ಬೇಕಾದ್ರೂ ತೆಗೆದು ಸ್ಕ್ಯಾನ್ ಮಾಡ್ಸಬಹುದು, ಹಿಂದೆ ಅಜ್ಜ ಬರೆದ ತಾರೀಖು, ಸ್ಟುಡಿಯೋ ಸೀಲು ಎಲ್ಲಾ ಹಾಗೇ ಉಳಿಯತ್ತೆ (ನಂಗೆ ಮುಖ್ಯ ಅನ್ಸೋದು ಇದೇ). ಸೆಲೋ ಟೇಪ್ ಆದ್ರೆ ಹಳದಿಯಾಗಿ ಕಿತ್ತು ಬರೋವಾಗ ಮುಖಾನೇ ಎದ್ದು ಬರತ್ತೆ. ಒಂದು ವಿಷ್ಯ ನೋಡ್ಕೊಳ್ಳಿ, ಕವರ್ ಮೂಲೆಗೆ ಅರಿಶಿನ ಹಚ್ಚಿರ್ತಾರಲ್ಲ, ಆ ಮೂಲೆ ಬಳಸ್ಬೇಡಿ, ಕಲೆ ಹತ್ತತ್ತೆ. ಸುರುಳಿ ಸುತ್ಕೊಂಡಿರೋ ಹಳೇ ಕಪ್ಪುಬಿಳುಪು ಫೋಟೋ ಇದ್ರಲ್ಲಿ ನಿಲ್ಲಲ್ಲ, ಮೊದ್ಲು ಬಿಳಿ ಹಾಳೆಗಳ ನಡುವೆ ಇಟ್ಟು ದಪ್ಪ ಪುಸ್ತಕದ ಭಾರ ಹೇರಿ ಕೆಲವು ದಿನ ಬಿಡಿ, ಜಾಸ್ತಿ ಗಡುಸಾಗಿದ್ರೆ ಬಲವಂತ ಬೇಡ, ಬಿರುಕು ಬಿಡತ್ತೆ. ಪಾಸ್‌ಪೋರ್ಟ್ ಸೈಜಿಗೂ ಆಗಲ್ಲ, ಅರ್ಧ ಫೋಟೋನೇ ಮುಚ್ಚೋಗತ್ತೆ. ಹೆಸ್ರು, ಊರು ಎಲ್ಲಾ ಪಕ್ಕದ ಹಾಳೇಲಿ ಬರೀರಿ, ಫೋಟೋ ಹಿಂದೆ ಬಾಲ್‌ಪೆನ್ನಲ್ಲಿ ಒತ್ತಿ ಬರೆದ್ರೆ ಮುಂದಕ್ಕೆ ಗೀರು ಕಾಣತ್ತೆ.