ಒಂದೇ ಹಳೇ ಪ್ರೇಮಕತೆ, ಹಲವು ಸಿನಿಮಾ: ಹೋಲಿಸಿ ನೋಡುವುದು ಹೇಗೆ?

ಹಳೇ ಕಾದಂಬರಿಯಿಂದ ಬಂದ ಎರಡು ಪ್ರೇಮ ಸಿನಿಮಾ ನೋಡಿದ ತಕ್ಷಣ ಎಲ್ಲರೂ ಕೇಳುವುದು, ಯಾವುದು ಪುಸ್ತಕದ ಹಾಗೇ ಇದೆ ಅಂತ. ಈ ಪ್ರಶ್ನೆ ಬಿಡಿ. ಜೇನ್ ಆಸ್ಟಿನ್ ಅವರ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಬಂದದ್ದು 1813ರಲ್ಲಿ. ಅದಕ್ಕೆ ತುಂಬ ನಿಷ್ಠವಾದದ್ದು 1995ರ ಬಿಬಿಸಿ ಟಿವಿ ಸರಣಿ ಅಂತ ಹೊಗಳುತ್ತಾರೆ, ಆದರೆ ಅದರಲ್ಲಿ ಜನ ಇವತ್ತಿಗೂ ನೆನೆಯುವ ದೃಶ್ಯ, ನಾಯಕ ಡಾರ್ಸಿ ಕೆರೆಗೆ ಹಾರಿ ಒದ್ದೆ ಅಂಗಿಯಲ್ಲಿ ನಾಯಕಿ ಎಲಿಜಬೆತ್‌ಗೆ ಎದುರಾಗುವುದು, ಪುಸ್ತಕದಲ್ಲಿ ಇಲ್ಲವೇ ಇಲ್ಲ! ಪುಸ್ತಕ ಹೇಳದೆ ಬಿಟ್ಟ ಜಾಗದಲ್ಲಿ ಸಿನಿಮಾದವರು ಏನು ತುಂಬಿದ್ದಾರೆ ಅಂತ ಹುಡುಕಿ, ಹೋಲಿಕೆ ಅಲ್ಲಿಂದಲೇ ಶುರುವಾಗಲಿ.

ಇಡೀ ಸಿನಿಮಾ ಹೋಲಿಸಲು ಹೋಗಬೇಡಿ. ಬಿಬಿಸಿಯದು ಆರು ಕಂತು, ಅದೇ ಕಾದಂಬರಿಯಿಂದ ನಿರ್ದೇಶಕ ಜೋ ರೈಟ್ ಮಾಡಿದ 2005ರ ಸಿನಿಮಾ ಎರಡು ಗಂಟೆಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಒಂದೇ ದೃಶ್ಯ ಆರಿಸಿಕೊಳ್ಳಿ. ಡಾರ್ಸಿ ಮೊದಲ ಸಲ ಎಲಿಜಬೆತ್‌ಗೆ ಮದುವೆ ಪ್ರಸ್ತಾಪ ಮಾಡುವುದು 34ನೇ ಅಧ್ಯಾಯದಲ್ಲಿ, ಮೊದಲು ಅದನ್ನು ಓದಿ. ಅವನ ಬಾಯಿಂದ ನೇರವಾಗಿ ನಾಲ್ಕು ಮಾತು ಹೇಳಿಸಿ, ಉಳಿದದ್ದನ್ನು ಆಸ್ಟಿನ್ ತಾವೇ ಚುಟುಕಾಗಿ ಹೇಳಿಬಿಡುತ್ತಾರೆ: ಪ್ರೀತಿಯ ಬಗ್ಗೆ ಹೇಳಿದ, ನಿಮ್ಮ ಮನೆತನ ಕಡಿಮೆ ಅಂತಲೂ ಹೇಳಿದ. ಯಾವ ಮಾತಲ್ಲಿ ಅಂತ ಇಲ್ಲ. ಹಾಗಾಗಿ ಚಿತ್ರಕತೆ ಬರೆಯುವವರು ಅದನ್ನು ತಾವೇ ಕಟ್ಟಬೇಕು.

ಈಗ ಜಾಗ ಗಮನಿಸಿ. ಬಿಬಿಸಿ ಸರಣಿಯಲ್ಲಿ ಇದು ಪುಸ್ತಕದಲ್ಲಿರುವಂತೆ ಮನೆಯೊಳಗೇ ನಡೆಯುತ್ತದೆ. 2005ರಲ್ಲಿ ಇಬ್ಬರೂ ಹೊರಗೆ, ಜೋರು ಮಳೆ, ಇಂಗ್ಲೆಂಡಿನ ಸ್ಟೌರ್‌ಹೆಡ್ ತೋಟದ ಕಲ್ಲಿನ ಮಂಟಪ, ಜಗಳ ಏರುತ್ತಾ ಏರುತ್ತಾ ಮುಖಗಳು ಹತ್ತಿರವಾಗಿ ಇನ್ನೇನು ಮುತ್ತು ಕೊಡುತ್ತಾರೇನೋ ಅನ್ನಿಸುತ್ತದೆ. ಒಂದರಲ್ಲಿ ಎಲಿಜಬೆತ್‌ಗೆ ಬರುವುದು ಬರೀ ಸಿಟ್ಟು, ಇನ್ನೊಂದರಲ್ಲಿ ಸಿಟ್ಟಿನ ಒಳಗೇ ಸೆಳೆತ. ನನಗೆ ಇಲ್ಲಿ ಬಿಬಿಸಿಯದೇ ಮೇಲು. ಅವಳು ಅಷ್ಟು ಬೇಗ ಕರಗಿದರೆ ಮುಂದೆ ಅವನ ಕಾಗದ ಓದಿ ಮನಸ್ಸು ಬದಲಾಗುವುದಕ್ಕೆ ತೂಕ ಎಲ್ಲಿ ಉಳಿಯುತ್ತದೆ?

ಆಮೇಲೆ ದುಡ್ಡು. ಇದನ್ನು ಬಿಟ್ಟು ಈ ಕತೆ ಅರ್ಥವಾಗುವುದಿಲ್ಲ. ಡಾರ್ಸಿಯ ವರ್ಷದ ಆದಾಯ 10,000 ಪೌಂಡ್, ಎಲಿಜಬೆತ್ ಅಪ್ಪನದು 2,000. ಅಪ್ಪ ಸತ್ತರೆ ಆಸ್ತಿ ಐದು ಹೆಣ್ಣುಮಕ್ಕಳಿಗೆ ಸಿಗದೆ ದೂರದ ನೆಂಟ ಕಾಲಿನ್ಸ್‌ಗೆ ಹೋಗುತ್ತದೆ. ಈ ಭಯವನ್ನು ಪ್ರತಿ ಸಿನಿಮಾ ಹೇಗೆ ತೋರಿಸುತ್ತದೆ ನೋಡಿ. ಅದಕ್ಕೆ ಸರಿಯಾದ ಪಾತ್ರ ಎಲಿಜಬೆತ್ ಗೆಳತಿ ಶಾರ್ಲೆಟ್. 27 ವರ್ಷ, ಕಾಲಿನ್ಸ್‌ನನ್ನೇ ಮದುವೆಯಾಗಲು ಒಪ್ಪಿಕೊಳ್ಳುತ್ತಾಳೆ. ಪುಸ್ತಕದಲ್ಲಿ ಅವಳು ಶಾಂತವಾಗಿ, ನನಗೆ ನೆಮ್ಮದಿಯ ಮನೆ ಸಿಕ್ಕರೆ ಸಾಕು ಅನ್ನುತ್ತಾಳೆ. 2005ರಲ್ಲಿ ಅದೇ ಹುಡುಗಿ, ದುಡ್ಡಿಲ್ಲ, ಅಪ್ಪ ಅಮ್ಮನಿಗೆ ಭಾರವಾಗಿದ್ದೇನೆ, ಹೆದರಿಕೆ ಆಗುತ್ತಿದೆ ಅಂತ ಗೆಳತಿಯ ಮೇಲೆ ಹರಿಹಾಯುತ್ತಾಳೆ. ಪುಸ್ತಕದಲ್ಲಿ ಇಲ್ಲದ ಸಿಟ್ಟು, ಆದರೂ ಆ ಕಾಲದ ಹೆಣ್ಣುಮಕ್ಕಳ ಪಾಡು ನನಗೆ ಅಲ್ಲಿ ತಟ್ಟಿದಷ್ಟು ಬೇರೆಲ್ಲೂ ತಟ್ಟಿಲ್ಲ.

ಬಟ್ಟೆಯನ್ನೂ ಸುಮ್ನೆ ಚೆಂದಕ್ಕೆ ನೋಡಬೇಡಿ. ಇದೇ ಕಾದಂಬರಿಯ 1940ರ ಹಾಲಿವುಡ್ ಸಿನಿಮಾ ಕತೆಯನ್ನು ಮುಂದಕ್ಕೆ ತಳ್ಳಿ 1830ರ ದಶಕದ ಅಗಲ ಲಂಗ, ಉಬ್ಬು ತೋಳು ಹಾಕಿಸಿತು. ಜೋ ರೈಟ್ ಹಿಂದಕ್ಕೆ, 1790ರ ದಶಕದ ಕೊನೆಗೆ ಹೋದರು, ಆಸ್ಟಿನ್ ಮೊದಲ ಕರಡು ಬರೆದ ಕಾಲ ಅದು. ಅದಕ್ಕೇ ಅವರ ಸಿನಿಮಾದಲ್ಲಿ ಕೆಸರು ಮೆತ್ತಿದ ಲಂಗ, ಮನೆಯೊಳಗೆ ಓಡಾಡುವ ಹಂದಿ.

ಕಾಲ, ಊರು ಎರಡೂ ಬದಲಾಗಿದ್ದರೆ ಯಾವುದರ ಬದಲಿಗೆ ಏನು ಬಂದಿದೆ ಅಂತ ಕೇಳಿ. ತಮಿಳಿನ ‘ಕಂಡುಕೊಂಡೇನ್ ಕಂಡುಕೊಂಡೇನ್’ ಆಸ್ಟಿನ್ ಅವರದೇ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ಯಿಂದ ಬಂದ 2000ದ ಸಿನಿಮಾ. ಅಕ್ಕ ತಂಗಿ ಇಬ್ಬರೂ ನಾಯಕಿಯರು. ತಂಗಿಯನ್ನು ಪ್ರೀತಿಸುವ ಅಲ್ಲಿನ ಕರ್ನಲ್ ಬ್ರಾಂಡನ್ ಇಲ್ಲಿ ಕಾಲು ಕಳೆದುಕೊಂಡ ಸೈನಿಕ, ಮಮ್ಮುಟ್ಟಿ. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ಅದರಲ್ಲಿ ಆ ತಂಗಿ. 2004ರ ‘ಬ್ರೈಡ್ ಅಂಡ್ ಪ್ರೆಜುಡಿಸ್’ನಲ್ಲಿ ಅಮೃತಸರದ ಎಲಿಜಬೆತ್ ಕೂಡ ಅವರೇ. ಎರಡನ್ನೂ ಬೆನ್ನುಬೆನ್ನಿಗೆ ನೋಡಿ, ಚೆನ್ನಾಗಿರುತ್ತದೆ.

ಕೊನೆಯ ದೃಶ್ಯದ ಬಗ್ಗೆ ಬರೆಯುವ ಮುಂಚೆ ಒಂದು ವಿಷಯ ನೋಡಿಕೊಳ್ಳಿ. 2005ರ ಸಿನಿಮಾಕ್ಕೆ ಎರಡು ಮುಕ್ತಾಯ ಇವೆ: ಬ್ರಿಟನ್‌ನಲ್ಲಿ ಅಪ್ಪನ ಒಪ್ಪಿಗೆಗೇ ಮುಗಿಯುತ್ತದೆ, ಅಮೆರಿಕದಲ್ಲಿ ಮದುವೆಯ ನಂತರದ ಮುತ್ತಿನ ದೃಶ್ಯವೂ ಇದೆ. ನೀವು ನೋಡಿದ್ದು ಯಾವುದು ಅಂತ ಗೊತ್ತಿರಲಿ.