ಮೊದಲ ಮನೆಗೆ ಸ್ಟುಡಿಯೋ ಫ್ಲಾಟ್ ನೋಡ್ತಿದ್ದೀರಾ? ಟೇಪ್ ಹಿಡಿದು ಹೋಗಿ

ಬೆಂಗಳೂರಿನಲ್ಲಿ ಸಣ್ಣ ಸ್ಟುಡಿಯೋ ಫ್ಲಾಟ್, ಅಂದರೆ ಅಡುಗೆ, ಮಲಗುವುದು ಎಲ್ಲ ಒಂದೇ ಕೋಣೆಯಲ್ಲಿರುವ ಮನೆ, ಹುಡುಕುತ್ತಿರುವವರಿಗೆ ಒಂದು ಮಾತು. ಸೂಪರ್ ಬಿಲ್ಟ್ ಅಪ್ ಚದರಡಿ ನೋಡಿ ಲೆಕ್ಕ ಹಾಕಬೇಡಿ. ಅದರಲ್ಲಿ ಲಿಫ್ಟು, ಮೆಟ್ಟಿಲು, ಕಾರಿಡಾರ್ ಎಲ್ಲ ಸೇರಿರುತ್ತದೆ. ರೇರಾ (ರಿಯಲ್ ಎಸ್ಟೇಟ್ ಕಾನೂನು) ಪ್ರಕಾರದ ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ನಿಜಕ್ಕೂ ಬಳಸಲು ಸಿಗುವ ಜಾಗ, ಎಷ್ಟು ಅಂತ ಕೇಳಿ. ಬಾಲ್ಕನಿ ಕೂಡ ಅದರಲ್ಲಿ ಬರುವುದಿಲ್ಲ.

ನಾನು ನೋಡಲು ಹೋದಾಗ ಮಂಚ, ಬೀರು ಇಡುವ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಬೀರು ಬಾಗಿಲು ತೆರೆದರೆ ಮಂಚಕ್ಕೆ ತಾಗುತ್ತಿತ್ತು! ಒಗ್ಗರಣೆ ಘಾಟು ಹೊರಗೆ ಹೋಗಲು ಕಿಟಕಿ ಇದೆಯಾ ಅಂತಲೂ ನೋಡಿ. ಮಲಗುವುದೂ ಅದೇ ಕೋಣೆಯಲ್ಲಿ ಅಲ್ವಾ.

30 ಲಕ್ಷದವರೆಗಿನ ಸಾಲವಾದರೆ ಬ್ಯಾಂಕ್ ಹೆಚ್ಚೆಂದರೆ ಮನೆ ಬೆಲೆಯ ಶೇ 90 ಕೊಡಬಹುದು. ಅದರ ಮೇಲೆ 75 ಲಕ್ಷದವರೆಗೆ ಶೇ 80. ಸ್ಟಾಂಪ್ ಡ್ಯೂಟಿ, ನೋಂದಣಿ ಖರ್ಚು ಇದರಲ್ಲಿ ಸೇರುವುದಿಲ್ಲ, ಆ ದುಡ್ಡು ಬೇರೆ ಇಟ್ಟುಕೊಳ್ಳಿ. ಕಟ್ಟಿ ಮುಗಿದ ಮನೆಯಾದರೆ ಇ-ಖಾತಾ (ಸ್ಥಳೀಯ ಸಂಸ್ಥೆಯ ಆಸ್ತಿ ದಾಖಲೆ), ಇಸಿ (ಆಸ್ತಿ ಮೇಲೆ ಸಾಲ, ಋಣ ಇದೆಯಾ ಅಂತ ತೋರಿಸುವ ಪತ್ರ), ಓಸಿ (ಕಟ್ಟಡದಲ್ಲಿ ವಾಸಿಸಬಹುದು ಅನ್ನುವ ಪತ್ರ) ನೋಡದೆ ಅಡ್ವಾನ್ಸ್ ಕೊಡಲೇಬೇಡಿ.

ಒಂದೆರಡು ವರ್ಷದಲ್ಲಿ ಮದುವೆ ಆಗುವುದಿದ್ದರೆ, ಅಪ್ಪ ಅಮ್ಮ ಬಂದು ಜೊತೆಗಿರುವುದಾದರೆ, ಸದ್ಯ ಬಾಡಿಗೆ ಮನೆಯೇ ಒಳ್ಳೆಯದು. ಒಬ್ಬರೇ ಇದ್ದು, ಏಳೆಂಟು ವರ್ಷ ಅಲ್ಲೇ ಇರುತ್ತೀರಿ ಅಂದರೆ ಧೈರ್ಯವಾಗಿ ತಗೊಳ್ಳಿ. ಅದಕ್ಕೂ ಮುಂಚೆ ಆ ಕಟ್ಟಡದಲ್ಲಿರುವ ಒಬ್ಬರನ್ನಾದರೂ ಮಾತಾಡಿಸಿ, ಬೇಸಿಗೆಯಲ್ಲಿ ದಿನಕ್ಕೆ ಎಷ್ಟು ಟ್ಯಾಂಕರ್ ನೀರು ತರಿಸುತ್ತೀರಿ ಅಂತ ಕೇಳಿ.