ಬರಕ್ಕೆ ನಿಲ್ಲುವ ಅಂಜನ ಹುಲ್ಲು: ನಾನು ಬುಡ ಆರಿಸಿದ ಬಗೆ

ನಮ್ಮದು ತುಮಕೂರು ಜಿಲ್ಲೆ ಶಿರಾ ತಾಲ್ಲೂಕು. ಕೆಂಪು ಮಣ್ಣು, ಸ್ವಲ್ಪ ಅಗೆದರೆ ಗರಸು. ಬೇಸಿಗೆಯಲ್ಲಿ ಬೋರಿನ ನೀರು ಅಡಿಕೆಗೇ ಸಾಲದು, ಇನ್ನು ಹುಲ್ಲಿಗೆ ಎಲ್ಲಿಂದ ತರುವುದು? ನೇಪಿಯರ್ ಅನ್ನುವ ಮೇವಿನ ಹುಲ್ಲಿನಲ್ಲಿ ಕೋ-4, ಧಾರವಾಡದ ಸಂಪೂರ್ಣ, ಈ ಎರಡೂ ತಳಿ ನನ್ನ ಹತ್ತಿರ ಇವೆ. ನೀರಿದ್ದರೆ ಅವುಗಳ ಇಳುವರಿಯ ಮುಂದೆ ಬೇರೆ ಹುಲ್ಲು ನಿಲ್ಲುವುದಿಲ್ಲ. ನೀರು ನಿಂತಿತೋ, ಹಸುಗಳಿಗೆ ಮೆದೆಯ ರಾಗಿ ಹುಲ್ಲೇ ಗತಿ. ಅದಕ್ಕೇ ಮಳೆಯನ್ನೇ ನಂಬಿದ ಮೇಲಿನ ಹೊಲಕ್ಕೆ ಅಂಜನ ಹುಲ್ಲು ತಂದೆ. ಅದರಲ್ಲೇ ಬರ ತಡೆಯುವ ಬುಡ ಆರಿಸಿ ನನ್ನದೇ ತಳಿ ಮಾಡಿಕೊಂಡೆ.

ತಳಿ ಅಂದ ಕೂಡಲೇ ಎಲ್ಲರೂ ಕ್ರಾಸ್ ಮಾಡಿದ್ದು ಅಂದುಕೊಳ್ಳುತ್ತಾರೆ. ನೇಪಿಯರ್ ಹೈಬ್ರಿಡ್ ಹಾಗೆಯೇ ಹುಟ್ಟಿದ್ದು. ಸಜ್ಜೆಯ 14 ವರ್ಣತಂತು (ಗುಣ ಹೊತ್ತ ಎಳೆಗಳು), ನೇಪಿಯರ್‌ನ 28, ಎರಡರಿಂದಲೂ ಅರ್ಧರ್ಧ ಸೇರಿ ಮಗುವಿಗೆ 21. ಆ ಲೆಕ್ಕ ಜೋಡಿಯಾಗದ್ದರಿಂದಲೇ ಅದು ಕಾಳು ಕಟ್ಟುವುದಿಲ್ಲ, ನಾವು ಕಡ್ಡಿ ನೆಡುತ್ತೇವೆ. ಅಂಜನದ ಕಥೆ ಬೇರೆ. ಇದು ಕಾಳು ಕಟ್ಟುತ್ತದೆ, ಆದರೆ ಕಾಳಿನೊಳಗಿನ ಮೊಳಕೆ ಪೂರಾ ತಾಯಿಯದೇ, ಗಂಡಿನ ಪಾಲು ಅದಕ್ಕೆ ಸೇರುವುದಿಲ್ಲ. ಕ್ರಾಸ್ ಮಾಡಲು ಹೊರಟ ವಿಜ್ಞಾನಿಗಳಿಗೆ ಇದು ದೊಡ್ಡ ತಲೆನೋವಾಗಿತ್ತು. ಅಮೆರಿಕದ ಟೆಕ್ಸಾಸ್‌ನಲ್ಲಿ ಗಂಡು ಹೆಣ್ಣು ಕೂಡಿಯೇ ಕಾಳು ಕಟ್ಟುವ ಅಪರೂಪದ ಗಿಡ ಸಿಕ್ಕ ಮೇಲೆ, 1960ರ ದಶಕದಲ್ಲಿ ದಾರಿ ತೆರೆಯಿತು. ನನ್ನಂಥವನಿಗೆ ಮಾತ್ರ ಇದು ಲಾಭವೇ. ಒಂದು ಒಳ್ಳೆ ಬುಡ ಸಿಕ್ಕರೆ ಸಾಕು, ಅದರ ಬೀಜ ದಾರಿ ತಪ್ಪುವುದಿಲ್ಲ.

ಹಾಗಂತ ಒಂದೇ ತಳಿ ಬಿತ್ತಿದ ತಾಕಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ಅಲ್ಲಿರುವುದೆಲ್ಲ ಒಂದೇ ತಾಯಿಯ ಮಕ್ಕಳು, ಅಲ್ವಾ? ನಾನು ಬೇರೆ ಬೇರೆ ಕಡೆಯಿಂದ ತಂದೆ. ನೆಂಟರ ಹೊಲದ ಬದು, ರಸ್ತೆ ಬದಿ, ಗೋಮಾಳದ ಅಂಚು. ಯುಗಾದಿ ಹೊತ್ತಿಗೆ ಸುತ್ತಲೂ ಒಣಗಿದ್ದಾಗ ಹಸಿರು ಉಳಿಸಿಕೊಂಡ ಬುಡಗಳಿಗೆ ಬಣ್ಣದ ದಾರ ಕಟ್ಟಿ ಬರುತ್ತಿದ್ದೆ. ಕುರಿ ಮೇಯಿಸುವವರು "ಹುಲ್ಲಿಗೂ ತಾಳಿ ಕಟ್ತೀಯೇನಣ್ಣ?" ಅಂತ ನಗುತ್ತಿದ್ದರು. ಮಳೆ ಹಿಡಿದ ಮೇಲೆ ಅವನ್ನು ಬೇರು ಸಮೇತ ಕಿತ್ತು ತಂದೆ.

ಬೇಸಿಗೆಯಲ್ಲಿ ಹಸಿರಾಗಿತ್ತು ಅಂದ ಮಾತ್ರಕ್ಕೆ ಆ ಗಿಡ ಗಟ್ಟಿ ಅಂತ ಹೇಳಲಾಗದು. ಬದುವಿನ ಕೆಳಗೆ ನೀರು ಇಂಗಿರಬಹುದು, ಬೇರಿಗೆ ಬಂಡೆಯ ಸಂದು ಸಿಕ್ಕಿರಬಹುದು. ಅದು ಜಾಗದ ಗುಣವೋ ಗಿಡದ ಗುಣವೋ ಗೊತ್ತಾಗಬೇಕಾದರೆ ಬುಡವನ್ನು ಸೀಳಬೇಕು. ಒಂದೊಂದು ತಾಯಿಯ ತುಂಡುಗಳನ್ನೂ ಹೊಲದ ತಗ್ಗಿನಲ್ಲಿ, ನಡುವೆ, ಗರಸು ಎದ್ದ ದಿಬ್ಬದಲ್ಲಿ ನೆಟ್ಟೆ. ಪಕ್ಕಕ್ಕೆ ಕೊಂಡು ತಂದ ತಳಿಯ ಸಾಲು, ಹೋಲಿಸಿ ನೋಡಲು. ಬೇರು ಹಿಡಿಯುವವರೆಗೆ ಮಾತ್ರ ನೀರು. ದಾರ ಕಟ್ಟಿದ್ದರಲ್ಲಿ ಹೆಚ್ಚಿನವು ದಿಬ್ಬದ ಮೇಲೆ ಮಾಮೂಲಿ ಹುಲ್ಲಿನಂತೆಯೇ ಒಣಗಿದವು.

ನೋಡುವ ಹೊತ್ತೂ ಮುಖ್ಯ. ಮಧ್ಯಾಹ್ನದ ಬಿಸಿಲಿಗೆ ಎಲ್ಲ ಹುಲ್ಲೂ ಎಲೆ ಸುತ್ತಿಕೊಳ್ಳುತ್ತದೆ. ನಾನು ಬೆಳಗ್ಗೆ ಹಾಲು ಕರೆದ ಮೇಲೆ ಹೋಗಿ ನೋಡುತ್ತಿದ್ದೆ. ರಾತ್ರಿ ಕಳೆದರೂ ಎಲೆ ಬಿಚ್ಚಿಕೊಂಡಿಲ್ಲ ಅಂದರೆ ಅದಕ್ಕೆ ನೀರು ಸಿಗುತ್ತಿಲ್ಲ ಅಂತ ಅರ್ಥ.

ಎರಡನೇ ಬೇಸಿಗೆಯಲ್ಲಿ ಇನ್ನೊಂದು ವಿಷಯ ಕಂಡಿತು. ಕೊನೆಯವರೆಗೂ ಹಸಿರಾಗಿದ್ದ ಕೆಲವು ಬುಡ ಪೂರ್ತಿ ಸತ್ತವು. ಬೇಗ ಒಣಗಿ ಸುಮ್ನೆ ಮಲಗಿದಂತಿದ್ದ ಬುಡಗಳು ಭರಣಿ ಮಳೆಯ ಒಂದು ಹದಕ್ಕೇ ಚಿಗುರಿದವು. ಅಲ್ಲಿಂದ ಮುಂದೆ ಹಸಿರಿಗಿಂತ ಚಿಗುರಿಗೆ ಜಾಸ್ತಿ ಅಂಕ ಕೊಟ್ಟೆ. ನಮ್ಮ ಕಡೆ ಮುಂಗಾರು ಒಮ್ಮೆ ಮುಖ ತೋರಿಸಿ ವಾರಗಟ್ಟಲೆ ಮಾಯವಾಗುತ್ತದೆ. ಆ ಒಂದು ಮಳೆಯಲ್ಲೇ ಎದ್ದು ನಿಲ್ಲುವ ಹುಲ್ಲು ನನಗೆ ಬೇಕು.

ಕೊನೆಯ ಪರೀಕ್ಷೆ ಕೊಟ್ಟಿಗೆಯಲ್ಲಿ. ಚಿಗುರುವುದರಲ್ಲಿ ಎಲ್ಲಕ್ಕಿಂತ ಮುಂದಿದ್ದ ಬುಡದ ಹುಲ್ಲು ಹಾಕಿದರೆ ನಮ್ಮ ಸೀಮೆ ಹಸು ಮೂಸಿ ಮುಖ ತಿರುಗಿಸಿತು. ಬರೀ ದಂಟು, ಎಲೆ ಕಡಿಮೆ. ಅದನ್ನು ಬದು ಕಾಯಲು ಬಿಟ್ಟೆ. ಅದರ ನಂತರದ್ದು ಎಲೆ ತುಂಬಿಕೊಳ್ಳುತ್ತದೆ, ತೆನೆ ತಡವಾಗಿ ಬರುತ್ತದೆ. ಅಂಜನಕ್ಕೆ ತೆನೆ ಬಂದ ಮೇಲೆ ಪ್ರೋಟೀನ್ ಇಳಿಯುತ್ತದೆ, ಆದ್ದರಿಂದ ತಡವಾದಷ್ಟೂ ಒಳ್ಳೆಯದು. ಅದನ್ನೇ ಹೆಚ್ಚಿಸಿದೆ. ಒಳ್ಳೆ ಮಳೆ ವರ್ಷದಲ್ಲಿ ತೂಕ ಹಾಕಿದರೆ ಕೊಂಡು ತಂದ ತಳಿಯೇ ಮುಂದೆ. ಇರಲಿ. ಮಳೆ ಇದ್ದಾಗ ಮೇವಿಗೆ ನನಗೇನೂ ಬರವಿಲ್ಲ.

ಬೀಜ ಮಾಡುವವರಿಗೆ ಎರಡು ಮಾತು. ತೆನೆ ಒಟ್ಟಿಗೆ ಹಣ್ಣಾಗುವುದಿಲ್ಲ, ಮಾಗಿದ ಕಾಳು ಉದುರಿಹೋಗುತ್ತದೆ, ಹಾಗಾಗಿ ಮತ್ತೆ ಮತ್ತೆ ಹೋಗಿ ಕೈಯಲ್ಲಿ ಎಳೆದುಕೊಳ್ಳಬೇಕು. ಹೊಸ ಬೀಜ ತಕ್ಷಣ ಬಿತ್ತಿದರೆ ಸರಿಯಾಗಿ ಮೊಳೆಯುವುದಿಲ್ಲ. ಬಟ್ಟೆ ಚೀಲದಲ್ಲಿ ಕಟ್ಟಿಟ್ಟು ಮುಂದಿನ ಮುಂಗಾರಿಗೆ ತೆಗೆಯಿರಿ. ಮೈಯೆಲ್ಲ ಕೂದಲಿರುವ ಹಗುರ ಬೀಜ ಅದು, ಗಾಳಿಗೆ ಹಾರುತ್ತದೆ. ಹಸಿ ಮಣ್ಣಿನ ಜೊತೆ ಕಲಸಿ ಎರಚಿ, ಮೇಲೆ ಮುಳ್ಳಿನ ಕೊಂಬೆ ಎಳೆದರೆ ಸಾಕು. ಒಂದು ಸೆಂಟಿಮೀಟರ್‌ಗಿಂತ ಜಾಸ್ತಿ ಆಳ ಬೇಡ. ಮೊದಲ ವರ್ಷ ಕುರಿ ಬಿಡಬೇಡಿ.